ಕಣ್ಣಿನ ಗಿಲಾವು

ನನಗೆ ಹೋಲಿಕೆ ಕೊಟ್ಟು ಮಾತಾಡುವ ಚಟವಿದೆ. ಪಶುವೈದ್ಯಕೀಯ ಓದುವಾಗ ಬಂದದ್ದಲ್ಲ ಇದು, ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದಲ್ಲಿ ಸ್ವಂತ ಕ್ಲಿನಿಕ್ ತೆರೆದ ಮೇಲೆ ಅಂಟಿದ್ದು. ಹೆಬ್ಬಳ್ಳಿಯಿಂದ ನಾಯಿ ಹಿಡಿದುಕೊಂಡು ಬರುವ ರೈತರಿಗೆ ಕಿಡ್ನಿಯ ವಿಷಯವನ್ನು ಹೊಲದ ಬಸಿಗಾಲುವೆಯ ಮಾತಿನಲ್ಲಿ ಹೇಳುತ್ತೇನೆ. ದರ್ಜಿ ಬಂದರೆ ಅಸ್ತರು, ಹೊಲಿಗೆ ಎನ್ನುತ್ತೇನೆ. ಎದುರಿಗೆ ಕುಳಿತವರ ಕಸುಬು ಯಾವುದೆಂದು ಮೊದಲು ಕೇಳಿಕೊಳ್ಳುತ್ತೇನೆ, ಆಮೇಲೆ ನಾಯಿಯ ರೋಗ. ಜನ ತಲೆ ಅಲ್ಲಾಡಿಸುತ್ತಾರೆ, ಅರ್ಥವಾಯಿತು ಎನ್ನುತ್ತಾರೆ, ಬೇರೆಯವರಿಗೂ ಹೇಳಿ ಕಳಿಸುತ್ತಾರೆ. ಇದು ನನ್ನ ಜಾಣತನವೆಂದು ನನಗೆ ಒಳಗೊಳಗೇ ಜಂಬವಿತ್ತು. ಈಗಲೂ ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ಆ ಜಾಣತನ ಒಮ್ಮೆ ಒಂದು ನಾಯಿಯ ಕಣ್ಣನ್ನೇ ನುಂಗುವುದರಲ್ಲಿತ್ತು, ಆ ನಾಯಿಗಿದ್ದದ್ದು ಅದೊಂದೇ ಕಣ್ಣು.

ಅವತ್ತು ನಾನು ಶಟರ್ ಎತ್ತುವ ಮೊದಲೇ ಕ್ಲಿನಿಕ್ಕಿನ ಮುಂದೆ ಒಂದು ಟಂಟಂ ಆಟೋ ನಿಂತಿತ್ತು. ಹಿಂದಿನ ಸೀಟಿನಲ್ಲಿ ಒಬ್ಬ ಗೌಂಡಿಯವರು, ಅವರ ತೊಡೆಯ ಮೇಲೆ ಅರ್ಧ ಮೈ ಚೆಲ್ಲಿದ ಒಂದು ಬಾಕ್ಸರ್ ನಾಯಿ. ಗೋಡೆ ಕಟ್ಟುವವರಿಗೆ, ಅದರ ಮೇಲೆ ಸಿಮೆಂಟು ಬಳಿದು ಗಿಲಾವು ಮಾಡುವವರಿಗೆ ನಮ್ಮ ಕಡೆ ಗೌಂಡಿ ಎನ್ನುತ್ತಾರೆ. ಇವರು ಬೆಂಗೇರಿಯವರು. ಐವತ್ತು ದಾಟಿದ ವಯಸ್ಸು, ಎಷ್ಟು ತೊಳೆದರೂ ಸಿಮೆಂಟಿನ ಬಣ್ಣ ಬಿಡದ ಉಗುರು. ನಾಯಿಗೆ ಎಂಟು ವರ್ಷ. ಮೋಟು ಮೂತಿ, ಜೋತುಬಿದ್ದ ತುಟಿ, ಎಡಗಣ್ಣಿನ ಜಾಗದಲ್ಲಿ ಹೊಲಿದು ಮುಚ್ಚಿದ ಒಂದು ಗೆರೆ. ಬಲಗಣ್ಣು ಅರ್ಧ ಮುಚ್ಚಿತ್ತು, ಅದರಿಂದ ನೀರು ಇಳಿದಿಳಿದು ಕೆನ್ನೆಯ ಕೂದಲು ಕಂದಾಗಿತ್ತು.

"ಇದು ಎಷ್ಟು ದಿನದಿಂದ ಹಿಂಗೈತಿ?" ಎಂದೆ.

"ಅಂವಗ ಎರಡು ತಿಂಗಳಾತ್ರಿ ಮೇಡಮ್ಮಾರ," ಎಂದರು. ನಾನು ಎಷ್ಟು ಸಲ ಇದು, ಇದಕ್ಕೆ ಎಂದರೂ ಅವರು ಅಂವ, ಅಂವಗ ಎಂದೇ ಹೇಳಿದರು. ಮೂರನೇ ಸಲಕ್ಕೆ ನಾನೇ ತಿದ್ದಿಕೊಂಡು, ಅವರೆದುರಿಗೆ ಅವನು ಎನ್ನತೊಡಗಿದೆ.

ಎಡಗಣ್ಣು ಹೇಗೆ ಹೋಯಿತೆಂದು ಕೇಳಿದೆ. ಎರಡು ವರ್ಷದ ಹಿಂದೆ ಕೆಲಸದ ಜಾಗದಲ್ಲಿ ಕಬ್ಬಿಣದ ಸಳಿಯೊಂದು ಹೊರಗೆ ಚಾಚಿಕೊಂಡಿತ್ತಂತೆ, ಬೆಕ್ಕಿನ ಹಿಂದೆ ಓಡಿದ ನಾಯಿ ಅದಕ್ಕೆ ಹೋಗಿ ಬಡಿದುಕೊಂಡಿತಂತೆ. "ಆ ಸಳಿ ಬಗ್ಗಿಸದ ಹಂಗ ಬಿಟ್ಟಾಂವ ನಾನ ರಿ," ಎಂದು ನೆಲ ನೋಡಿದರು. ಆಮೇಲೆ ತಾವಾಗಿಯೇ ಮುಂದುವರಿಸಿದರು. "ಅಂವ ಸಣ್ಣಾಂವ ಇದ್ದಾಗಿಂದ ನನ್ನ ಸಂಗಾಟ ಸೈಟಿಗೆ ಬರ್ತಾನ್ರಿ. ಮನ್ಯಾಗ ಒಂದಿನಾ ನಿಂತಾಂವಲ್ಲ. ಇದೂ ಕಣ್ಣು ಹೋದ್ರ ಅಲ್ಲಿ ಬಿಡಾಕ ಬರಂಗಿಲ್ರಿ. ನೀರಿನ ಟಾಕಿ ತೆಗ್ಗು, ಲಿಫ್ಟಿನ ತೆಗ್ಗು, ಎಲ್ಲಾ ಬಾಯಿ ತಕ್ಕೊಂಡ ಕುಂತಿರ್ತಾವು. ಮನ್ಯಾಗ ಕಟ್ಟಿ ಹಾಕಬೇಕಾಕ್ಕೈತಿ. ಕಟ್ಟಿ ಹಾಕಿದ್ರ ಅಂವ ಉಣ್ಣಂಗಿಲ್ರಿ."

ಅವರು ಒಂದು ಕ್ಯಾರಿಬ್ಯಾಗಿನಿಂದ ನಾಲ್ಕು ಹನಿ ಔಷಧದ ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಎರಡು ತಿಂಗಳಲ್ಲಿ ಅಲ್ಲಲ್ಲಿ ಕೇಳಿ ತಂದವು. ಮೂರು ನಿರುಪದ್ರವಿ. ನಾಲ್ಕನೆಯದು ಅವರ ತಾಯಿಗೆ ಪೊರೆ ತೆಗೆದ ಮೇಲೆ ಕೊಟ್ಟಿದ್ದ ಸ್ಟೀರಾಯ್ಡ್ ಹನಿ, ಅರ್ಧ ಉಳಿದಿತ್ತು, ದಂಡವಾಗಬಾರದೆಂದು ನಾಯಿಗೆ ಹಾಕಿದ್ದರು. ಗಾಯವಾದ ಕಣ್ಣಿಗೆ ಅದು ವಿಷ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೀಸೆಯನ್ನು ಕಸದ ಬುಟ್ಟಿಗೆ ಎಸೆದು, "ಅವ್ವಾರ ಕನ್ನಡಕಾನೂ ಹಾಕಿ ನೋಡಬೇಕಿತ್ತಲ್ರಿ ಇವಂಗ," ಎಂದೆ. ಗೌಂಡಿಯವರು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. "ತಪ್ಪಾತ್ರಿ," ಎಂದರು ಅಷ್ಟೇ.

ಕಣ್ಣಿಗೆ ಒಂದು ಬಣ್ಣದ ಹನಿ ಹಾಕಿ, ಕೋಣೆಯ ದೀಪ ಆರಿಸಿ ನೀಲಿ ಬೆಳಕು ಬಿಟ್ಟರೆ, ಗಾಯವಿದ್ದ ಜಾಗವಷ್ಟೇ ಹಸಿರಾಗಿ ಹೊಳೆಯುತ್ತದೆ. ಈ ಕಣ್ಣಿನಲ್ಲಿ ಹೆಸರುಕಾಳಿಗಿಂತ ತುಸು ದೊಡ್ಡದಾದ ಹಸಿರು ಚುಕ್ಕೆ ಕಂಡಿತು. ಅದರ ಸುತ್ತ ಮಸುಕಾದ ಇನ್ನೊಂದು ಹಸಿರು ಅಂಚು. ಆ ಮಸುಕು ಅಂಚು ನೋಡಿದ ಕೂಡಲೇ ನನಗೆ ರೋಗ ಗೊತ್ತಾಯಿತು. ಗಾಯ ಆಳವಾಗಿರಲಿಲ್ಲ, ಕೀವೂ ಇರಲಿಲ್ಲ. ವಯಸ್ಸಾದ ನಾಯಿಗಳಿಗೆ, ಅದರಲ್ಲೂ ಬಾಕ್ಸರ್‌ಗಳಿಗೆ ಬರುವ ಮೊಂಡು ಹುಣ್ಣು ಇದು. ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ಮೇಲೆ ತೆಳ್ಳನೆಯ ಚರ್ಮ ಬೆಳೆಯುತ್ತದೆ, ಆದರೆ ಕೆಳಗಿನ ಪದರಕ್ಕೆ ಅಂಟಿಕೊಳ್ಳುವುದಿಲ್ಲ. ನಾಯಿ ರೆಪ್ಪೆ ಬಡಿದಾಗಲೆಲ್ಲ ಅದು ಸಡಿಲವಾಗಿ ಎದ್ದುಬರುತ್ತದೆ. ಬಣ್ಣದ ಹನಿ ಆ ಸಡಿಲು ಅಂಚಿನ ಅಡಿಗೆ ನುಸುಳಿತ್ತು. ಹೀಗಿರುವಾಗ ವರ್ಷಗಟ್ಟಲೆ ಹನಿ ಹಾಕಿದರೂ ಅಷ್ಟೇ.

ಮಾಡಬೇಕಾದದ್ದು ಸರಳ, ಕೇಳುವವರಿಗೆ ಮಾತ್ರ ಎದೆ ಝಲ್ ಎನ್ನುತ್ತದೆ. ಸಡಿಲಾದ ಚರ್ಮವನ್ನೆಲ್ಲ ಉಜ್ಜಿ ತೆಗೆಯಬೇಕು, ಕೆಳಗಿನ ಪದರದ ಮೇಲೆ ಸಣ್ಣ ಸೂಜಿಯಿಂದ ನವಿರಾಗಿ ಗೀರು ಎಳೆಯಬೇಕು. ಆಗ ಹೊಸ ಚರ್ಮಕ್ಕೆ ಹಿಡಿತ ಸಿಗುತ್ತದೆ. ಇದನ್ನು ಒಂಟಿಗಣ್ಣಿನ ನಾಯಿಯ ಯಜಮಾನರಿಗೆ ಹೇಳುವುದು ಹೇಗೆ? ನನಗೇನೂ ಯೋಚನೆಯಾಗಲಿಲ್ಲ. ಎದುರಿಗೆ ಗೌಂಡಿ ಕುಳಿತಿದ್ದರು, ಹೋಲಿಕೆ ಬಾಯಲ್ಲಿ ತಯಾರಾಗಿತ್ತು.

"ಹಳೇ ಗೋಡಿಗೆ ಗಿಲಾವು ಮಾಡೂಮುಂದ ಮೊದಲ ಏನ್ ಮಾಡ್ತೀರಿ ಗೌಂಡ್ಯಾರ?"

"ಬಡದ ನೋಡ್ತೇವ್ರಿ. ಪೊಳ್ಳಾಗಿದ್ದಿದ್ದು ಎಲ್ಲಾ ಕೆಡವತೇವಿ."

"ಆಮ್ಯಾಲ?"

"ಗೋಡಿಗೆ ಉಳಿಲೆ ಕಚ್ಚು ಹೊಡೀತೇವ್ರಿ. ನುಣ್ಣಗ ಇದ್ರ ಹೊಸಾ ಗಿಲಾವು ಹಿಡಿಯಂಗಿಲ್ಲ."

"ನಾ ಮಾಡೂದೂ ಅಷ್ಟರಿ. ಉಳಿ ಬದ್ಲಿ ಸೂಜಿ."

ಅವರು ನಾಯಿಯ ತಲೆಯ ಮೇಲಿದ್ದ ಕೈ ತೆಗೆದರು. "ಇದ್ದದ್ದೊಂದ ಕಣ್ಣಿಗೆ ಸೂಜಿರಿ? ಗಾಯ ದೊಡ್ಡದಾಕ್ಕೈತಲ್ರಿ."

"ಮೊದಲಿಗೆ ದೊಡ್ಡದಾಕ್ಕೈತಿ. ಆಮ್ಯಾಲ ಮಾಯತೈತಿ. ಪೊಳ್ಳು ಕೆಡವದ ಮ್ಯಾಲ ಮ್ಯಾಲ ಗಿಲಾವು ಬಳಕೊಂತ ಹೋದ್ರ ನಿಮ್ಮ ಗೋಡಿ ನಿಲ್ಲತೈತೇನ್ರಿ?"

ಅವರು ತೆಗೆದ ಕೈಯನ್ನು ಮತ್ತೆ ನಾಯಿಯ ತಲೆಯ ಮೇಲಿಟ್ಟರು. ಹೊರಗೆ ಧಾರವಾಡದ ಬಸ್ಸು ಬಂದು ನಿಂತು ಹೋಯಿತು. "ಖರೇ ಐತ್ರಿ ನಿಮ್ಮ ಮಾತು," ಎಂದರು ಕೊನೆಗೆ. "ಮಾಡ್ರಿ. ನಾನ ಹಿಡಕೋತೇನಿ."

ಕಣ್ಣು ಜೋಮು ಹಿಡಿಯುವ ಹನಿ ಹಾಕಿದೆ. ಒಣ ಹತ್ತಿಯ ಕಡ್ಡಿಯಿಂದ ಮೆಲ್ಲಗೆ ಉಜ್ಜಿದೆ. ಚರ್ಮ ಸುರುಳಿಯಾಗಿ ಎದ್ದು ಬಂತು, ಹಸಿರು ಚುಕ್ಕೆಯ ಆಚೆಗೂ ಬಂತು, ಬರುವಷ್ಟೂ ತೆಗೆದೆ. ಆಮೇಲೆ ಸೂಜಿ ಹಿಡಿದು ಅಡ್ಡ ಗೆರೆ, ಉದ್ದ ಗೆರೆ. ಅಷ್ಟೂ ಹೊತ್ತು ಗೌಂಡಿಯವರು ನಾಯಿಯ ತಲೆಯನ್ನು ಎದೆಗೊತ್ತಿಕೊಂಡು, ತಮ್ಮ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದರು. ನನ್ನ ಕೈ ನಡುಗುವುದಿಲ್ಲ. ಇದನ್ನು ವಿನಯದಿಂದ ಹೇಳಲು ನನಗೆ ಬರುವುದೂ ಇಲ್ಲ. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದೆ, ಚೆನ್ನಾಗಿಯೇ ಮುಗಿಸಿದೆ.

ಆ್ಯಂಟಿಬಯೋಟಿಕ್ ಹನಿ ದಿನಕ್ಕೆ ಮೂರು ಸಲ, ನೋವಿಗೆ ಗುಳಿಗೆ, ಕಾಲಿನಿಂದ ಕಣ್ಣು ಕೆರೆದುಕೊಳ್ಳದಂತೆ ಕೊರಳಿಗೆ ಪ್ಲಾಸ್ಟಿಕ್ಕಿನ ಅಗಲ ಪಟ್ಟಿ. ಎರಡು ವಾರ ಬಿಟ್ಟು ಬನ್ನಿ ಎಂದೆ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟೆ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಟಂಟಂ ಹತ್ತುವಾಗ ಅವರ ಬೆನ್ನಿಗೆ, "ಹೊಸಾ ಗಿಲಾವು ಐತಿ ಗೌಂಡ್ಯಾರ, ಕಾಳಜಿ ಮಾಡ್ರಿ," ಎಂದು ಕೂಗಿ ಹೇಳಿದೆ. ಎಷ್ಟು ಚೆಂದ ಹೇಳಿದೆ ಎಂದು ನನಗೇ ಅನಿಸಿತು.

ಅವರು ಎರಡು ವಾರ ಕಾಯಲಿಲ್ಲ. ಒಂಬತ್ತನೆಯ ದಿನಕ್ಕೇ ಬಂದರು, ಜೊತೆಗೆ ಹೆಂಡತಿಯೂ ಇದ್ದರು. ನಾಯಿ ತಲೆ ತಗ್ಗಿಸಿಕೊಂಡು, ಗೋಡೆಗೆ ಮೈ ಸವರಿಕೊಂಡು ಒಳಗೆ ಬಂತು. ಕಣ್ಣು ಬಿಡಿಸಿ ನೋಡಿದೆ. ಬಿಳಿ ಮೋಡ ಕವಿದಿತ್ತು, ಅಂಚಿನಲ್ಲಿ ಹಳದಿ ಪಿಸುರು. ಬಣ್ಣದ ಹನಿ ಹಾಕಿ ನೋಡಿದರೆ ಹಸಿರು ಚುಕ್ಕೆ ಮೊದಲಿನ ಎರಡರಷ್ಟಾಗಿತ್ತು. ಹೊಸ ಚರ್ಮದ ಸುಳಿವೇ ಇರಲಿಲ್ಲ.

"ಹನಿ ಹೊತ್ತಿಗೆ ಸರಿಯಾಗಿ ಹಾಕೀರಿಲ್ಲೋ?"

"ಹಾಕೇವ್ರಿ," ಎಂದರು ಹೆಂಡತಿ, ತುಸು ಹೆಮ್ಮೆಯಿಂದಲೇ. "ಹನಿನೂ ಹಾಕೇವಿ, ನೀರೂ ಹೊಡದೇವಿ. ಒಂದೂ ತಪ್ಪಿಸಿಲ್ರಿ."

"ಏನ್ ನೀರು?"

"ಕ್ಯೂರಿಂಗ್ ರಿ," ಎಂದರು ಗೌಂಡಿಯವರು.

ಹೊಸ ಸಿಮೆಂಟು ಗಟ್ಟಿಯಾಗಲೆಂದು ದಿನಾ ನೀರುಣಿಸುವುದಕ್ಕೆ ಗೌಂಡಿಗಳು ಹೇಳುವ ಮಾತು ಅದು, ಕಣ್ಣಿಗೂ ಅದಕ್ಕೂ ಏನು ಸಂಬಂಧವೆಂದು ನನಗೆ ತಿಳಿಯಲಿಲ್ಲ. ಹೆಂಡತಿ ಬಿಡಿಸಿ ಹೇಳಿದರು. ದಿನಾ ನೀರು ಕುದಿಸಿ ಆರಿಸಿ ಇಡುತ್ತಿದ್ದರಂತೆ. ತಮ್ಮ ಹಳೆಯ ನೂಲಿನ ಸೀರೆ ಹರಿದು, ಒಗೆದು, ಬಿಸಿಲಿಗೆ ಒಣಗಿಸಿ ಮೆತ್ತನೆಯ ತುಂಡು ಮಾಡಿಕೊಂಡಿದ್ದರಂತೆ. ಮುಂಜಾನೆ, ಹನ್ನೆರಡಕ್ಕೆ, ನಾಲ್ಕಕ್ಕೆ, ಮಲಗುವಾಗ ಹೀಗೆ ನಾಲ್ಕು ಹೊತ್ತು ಗೌಂಡಿಯವರು ಕೊರಳಪಟ್ಟಿ ಬಿಚ್ಚಿ ಕಣ್ಣಿಗೆ ನೀರು ಬಿಟ್ಟು, ಒದ್ದೆ ಬಟ್ಟೆ ಒತ್ತಿ ಹಿಡಿಯುತ್ತಿದ್ದರಂತೆ. "ಹೊಸಾ ಕಾಲಮ್ ಕಂಬಕ್ಕ ಒದ್ದಿ ಗೋಣಿತಟ್ಟು ಸುತ್ತೂದಿಲ್ಲೇನ್ರಿ, ಹಂಗ," ಎಂದರು ಆಕೆ. ಅದಕ್ಕಾಗಿ ಅವರು ಒಂಬತ್ತು ದಿನ ಕೆಲಸಕ್ಕೇ ಹೋಗಿರಲಿಲ್ಲ.

ಹೊಸ ಚರ್ಮ ಕೂದಲೆಳೆಯಷ್ಟು ಮುಂದೆ ಬಂದಾಗಲೆಲ್ಲ ಆ ಮೆತ್ತನೆಯ ಬಟ್ಟೆ ಅದನ್ನು ಒರೆಸಿಬಿಟ್ಟಿತ್ತು. ಹಾಕಿದ ಔಷಧವನ್ನು ನೀರು ತೊಳೆದುಬಿಟ್ಟಿತ್ತು. ಒಂಬತ್ತು ದಿನದಲ್ಲಿ ಮೂವತ್ತಕ್ಕೂ ಹೆಚ್ಚು ಸಲ.

"ನಿಮಗ ನೀರು ಹೊಡೀರಿ ಅಂತ ಹೇಳಿದವರು ಯಾರ್ರಿ!" ನನ್ನ ದನಿ ಏರಿತ್ತು. ಮೇಜಿನ ಮೇಲಿದ್ದ ನಾಯಿಯೂ ಮೈ ಕುಗ್ಗಿಸಿತು.

ಗೌಂಡಿಯವರು ನನ್ನ ಮುಖ ನೋಡಿದರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೀವ ಗಿಲಾವು ಅಂದ್ರೆಲ್ರಿ ಮೇಡಮ್ಮಾರ. ಹೊಸಾ ಗಿಲಾವು, ಕಾಳಜಿ ಮಾಡ್ರಿ ಅಂದ್ರಿ. ನೀರು ಹೊಡೀದಿದ್ರ ಗಿಲಾವು ಬಿರಕು ಬಿಡತೈತ್ರಿ. ನೀವು ಗೋಡಿ ಅಂದ್ರಿ, ಅದಕ್ಕ ನೀರು ಹೊಡದೆ. ಕಣ್ಣು ಅಂತ ಅಂದಿದ್ರ ನಾ ಮುಟ್ಟತಿದ್ದಿಲ್ರಿ."

ಆರೋಪದ ದನಿಯೇ ಅಲ್ಲ ಅದು. ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ. ಇಷ್ಟು ವರ್ಷದಲ್ಲಿ ನನ್ನನ್ನು ಬೈದವರಿದ್ದಾರೆ, ಬೋರ್ಡಿಗೆ ಕಲ್ಲು ಹೊಡೆಯುತ್ತೇನೆಂದು ಹೆದರಿಸಿದವರೂ ಇದ್ದಾರೆ. ಯಾರ ಮಾತೂ ಹೀಗೆ ನಾಟಿರಲಿಲ್ಲ. ನಾನು ಅರ್ಧ ಹೋಲಿಕೆ ಕೊಟ್ಟಿದ್ದೆ, ಉಳಿದರ್ಧವನ್ನು ಆ ಮನುಷ್ಯ ತಮ್ಮ ಮೂವತ್ತು ವರ್ಷದ ಕಸುಬಿನಿಂದ ಪ್ರಾಮಾಣಿಕವಾಗಿ ತುಂಬಿಕೊಂಡಿದ್ದರು. ಅವರು ಒಳ್ಳೆಯ ಗೌಂಡಿ ಅಲ್ಲದಿದ್ದರೆ ಆ ನಾಯಿ ಅಷ್ಟೊತ್ತಿಗೆ ವಾಸಿಯಾಗಿರುತ್ತಿತ್ತು. ಸೋಮಾರಿಯ ನಾಯಿಯಾಗಿದ್ದರೂ ವಾಸಿಯಾಗಿರುತ್ತಿತ್ತು.

"ತಪ್ಪು ನಂದ್ರಿ," ಎಂದೆ. ಹೇಳಲು ಕಷ್ಟವಾಯಿತು, ಆದರೂ ಹೇಳಿದೆ. "ಕಣ್ಣಿಗೆ ನೀರು ಬ್ಯಾಡ, ಅರಿವಿ ಬ್ಯಾಡ ಅಂತ ನಾ ಹೇಳಬೇಕಾಗಿತ್ತು. ಹೇಳಲಿಲ್ಲ."

ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಸಿಮೆಂಟು ಹತ್ತಿದ ತಮ್ಮ ಬೆರಳುಗಳನ್ನೇ ನೋಡುತ್ತಾ, "ಒಂದ ಕಣ್ಣು ಸಳಿಲೆ ತಗದೆ, ಇನ್ನೊಂದ ನೀರಿಲೆ ತಗದೆ," ಎಂದರು. ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಅಲ್ಲಿ ನನ್ನ ಸಿಟ್ಟು ಉಪಯೋಗಕ್ಕೆ ಬಂತು. "ಇನ್ನೂ ಹೋಗಿಲ್ರಿ ಕಣ್ಣು! ಹೋಗಾಕ ನಾ ಬಿಡಂಗಿಲ್ಲ. ಇಲ್ಲಿ ಅಳೂ ಕೆಲಸ ಇಲ್ಲ," ಎಂದು ಗದರಿಸಿದೆ. ಬರೀ ಸಮಾಧಾನದ ಮಾತಾಗಿರಲಿಲ್ಲ ಅದು. ಕೆಳಗಿನ ಪದರ ಇನ್ನೂ ಗಟ್ಟಿಯಾಗಿತ್ತು, ಕರಗತೊಡಗಿರಲಿಲ್ಲ. ಸೋಂಕು ಈಗಷ್ಟೇ ಅಂಚಿಗೆ ಹತ್ತಿತ್ತು. ಅದನ್ನು ಮೊದಲು ಓಡಿಸಬೇಕು, ಅಲ್ಲಿಯವರೆಗೆ ಸೂಜಿ ಮುಟ್ಟಿಸುವಂತಿಲ್ಲ. ನಾನು ಏನು ಮಾಡಬೇಕೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಒಂದೇ, ಅವರಿಗೆ ಹೇಳುವುದು ಹೇಗೆ ಎಂಬುದು.

ಹೋಲಿಕೆ ಬಿಟ್ಟೆ. ಗೋಡೆ, ಹೊಲ, ಅಸ್ತರು ಯಾವುದನ್ನೂ ತರಲಿಲ್ಲ. ಇದು ಕಣ್ಣು, ಇದು ಗಾಯ, ಈ ಹನಿ ಎರಡು ತಾಸಿಗೊಮ್ಮೆ, ಬೇರೆ ಏನೂ ಇಲ್ಲ. ಹೇಳಿ ಮುಗಿಸಿ, ಈಗ ನೀವು ನನಗೆ ಹೇಳಿ ಎಂದೆ. ಗೌಂಡಿಯವರು ಶಾಲೆಯ ಹುಡುಗನಂತೆ ನೆಟ್ಟಗೆ ನಿಂತು ಒಪ್ಪಿಸಿದರು.

"ಹನಿ ಹಾಕೂದು."

"ಆಮ್ಯಾಲ?"

"ಸುಮ್ಮನ ಕುಂಡ್ರೂದು."

"ನೀರು?"

"ಇಲ್ರಿ."

"ಪಿಸುರು ಬಂದ್ರ ಅರಿವಿಲೆ ಒರಸೂದು?"

ಅವರು ತಡವರಿಸಿದರು. ಒರೆಸುವುದು ಸರಿ ಎಂದೇ ಅವರ ಮನಸ್ಸು ಹೇಳುತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು. "ಕಣ್ಣು ಮುಟ್ಟದಂಗ, ಹೊರಗ ಕೆನ್ನಿ ಅಷ್ಟ ಒರಸೂದ್ರಿ," ಎಂದರು. ಸರಿಯಾಗಿತ್ತು. ಚೀಟಿಯಲ್ಲಿ ಅದನ್ನೇ ಬರೆದೆ.

ವಾರದಲ್ಲಿ ಸೋಂಕು ಹೋಯಿತು. ಮತ್ತೆ ಅದೇ ಮೇಜು, ಅದೇ ಒಣ ಹತ್ತಿ, ಅದೇ ಸೂಜಿ. ಈ ಸಲ ಗೌಂಡಿಯವರು ಕಣ್ಣು ಮುಚ್ಚಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು. ಆ ನೋಟದ ಕೆಳಗೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಕೊರಳಪಟ್ಟಿ ಕಟ್ಟಿ, ಹದಿನೈದು ದಿನ ಇದನ್ನು ಬಿಚ್ಚಿದರೆ ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಬೇಡಿ ಎಂದೆ. "ಬಿಚ್ಚಂಗಿಲ್ರಿ," ಎಂದರು.

ಮರುದಿನ ಮುಂಜಾನೆ ಫೋನ್ ಬಂತು. "ಮೇಡಮ್ಮಾರ, ಹನಿ ಹಾಕೇನ್ರಿ. ಬ್ಯಾರೆ ಏನೂ ಮಾಡಿಲ್ರಿ." ಅದರ ಮರುದಿನವೂ ಬಂತು. "ಇವತ್ತೂ ಏನೂ ಮಾಡಿಲ್ರಿ." ಜನ ಡಾಕ್ಟರಿಗೆ ಫೋನ್ ಮಾಡಿ ಏನಾಯಿತೆಂದು ಹೇಳುತ್ತಾರೆ, ಇವರು ಏನೂ ಮಾಡದೇ ಇದ್ದದ್ದನ್ನು ವರದಿ ಮಾಡುತ್ತಿದ್ದರು. ನಾಲ್ಕನೆಯ ದಿನ, "ಸುಮ್ಮನ ಕುಂತು ಕೈ ಕಡಿಯಾಕತ್ತಾವ್ರಿ ಮೇಡಮ್ಮಾರ," ಎಂದರು. "ಹಂಗಿದ್ರ ಸೈಟಿಗೆ ಹೋಗಿ ಯಾವದಾರ ಗೋಡಿಗೆ ನೀರು ಹೊಡೀರಿ," ಎಂದೆ. ಇಬ್ಬರೂ ನಕ್ಕೆವು. ಜೀವಮಾನವಿಡೀ ಕೈಯಿಂದ ಕೆಲಸ ಮಾಡಿ ಬದುಕಿದ ಮನುಷ್ಯನಿಗೆ ಪ್ರೀತಿಯ ನಾಯಿಯ ಮುಂದೆ ಸುಮ್ಮನೆ ಕೂರುವುದು ಎಷ್ಟು ದೊಡ್ಡ ಶಿಕ್ಷೆಯೆಂದು ನನಗೆ ಅವತ್ತು ಅರ್ಥವಾಯಿತು.

ನಾನೇನು ಕಡಿಮೆಯಿದ್ದೆನೇ? ಹತ್ತನೆಯ ದಿನ ಮಧ್ಯಾಹ್ನ, ಅತ್ತ ಕಡೆ ಏನೂ ಕೆಲಸವಿಲ್ಲದಿದ್ದರೂ ಸ್ಕೂಟಿ ತಿರುಗಿಸಿಕೊಂಡು ಬೆಂಗೇರಿಗೆ ಹೋದೆ. ಅವರ ಮನೆಯ ಕಟ್ಟೆಯ ಮೇಲೆ ನಾಯಿ ಮಲಗಿತ್ತು, ಕೊರಳಪಟ್ಟಿ ಕೊರಳಲ್ಲೇ ಇತ್ತು. ಪಕ್ಕದಲ್ಲಿ ಗೌಂಡಿಯವರು ಎರಡೂ ಅಂಗೈಗಳನ್ನು ತೊಡೆಯ ಅಡಿಗೆ ಇಟ್ಟುಕೊಂಡು ಕುಳಿತಿದ್ದರು. ಹೋಗಿ ಕಣ್ಣು ಬಿಡಿಸಿ ನೋಡಬೇಕೆಂದು ನನಗೆ ತಡೆಯಲಾರದಷ್ಟು ಆಸೆಯಾಯಿತು. ನಾನೂ ಮುಟ್ಟಬಾರದಿತ್ತು. ಅವರ ಕಣ್ಣಿಗೆ ಬೀಳದಂತೆ ಗಾಡಿ ತಿರುಗಿಸಿ ವಾಪಸ್ ಬಂದೆ.

ಹದಿನೈದನೆಯ ದಿನ ಗಂಡಹೆಂಡತಿ ಇಬ್ಬರೂ ಬಂದರು. ನಾನು ಬಣ್ಣದ ಹನಿ ಹಾಕಿ, ದೀಪ ಆರಿಸಿ, ನೀಲಿ ಬೆಳಕು ಬಿಟ್ಟೆ. ಹಸಿರು ಇರಲಿಲ್ಲ. ಕಣ್ಣು ತೊಳೆದು ಮತ್ತೊಮ್ಮೆ ಹಾಕಿದೆ. ಅಂಚಿನಲ್ಲಿ ನೋಡಿದೆ, ಮೇಲಿನ ರೆಪ್ಪೆ ಎತ್ತಿ ನೋಡಿದೆ. ಎಲ್ಲೂ ಇರಲಿಲ್ಲ. ಗಾಯ ಪೂರ್ತಿ ಮುಚ್ಚಿತ್ತು. ನಡುವಿನಲ್ಲಿ ತೆಳ್ಳಗೆ ಹೊಗೆಯಾಡಿದಂಥ ಒಂದು ಬಿಳಿ ಕಲೆ ಮಾತ್ರ ಉಳಿದಿತ್ತು.

ದೀಪ ಹಾಕಿದ ಕೂಡಲೇ ಹೆಂಡತಿ ಅದನ್ನು ಕಂಡರು. "ಅಯ್ಯ, ಕಣ್ಣಾಗ ಹೂ ಬಿದ್ದೈತಲ್ರಿ!" ಕಣ್ಣಿನ ಬಿಳಿ ಕಲೆಗೆ ನಮ್ಮ ಜನ ಹೂ ಎನ್ನುತ್ತಾರೆ, ಹೂ ಬಿತ್ತೆಂದರೆ ಕಣ್ಣು ಹೋಯಿತು ಎಂದೇ ಲೆಕ್ಕ. ಗೌಂಡಿಯವರ ಮುಖ ಒಣಗಿತು. "ಅಂವಗ ಕಾಣಸತೈತೇನ್ರಿ ಖರೇನ?" ಎಂದರು.

ಮಂಜು ಕುಳಿತ ಗಾಜು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ನಾ ಹೇಳೂದು ಬ್ಯಾಡ್ರಿ," ಎಂದೆ. "ನೀವು ರಸ್ತಾ ದಾಟಿ ಆ ಕಡೆ ಬಸ್‌ಸ್ಟಾಪಿನ್ಯಾಗ ಹೋಗಿ ನಿಂದರ್ರಿ. ಕರೀಬ್ಯಾಡ್ರಿ, ಶೀಟಿ ಹೊಡೀಬ್ಯಾಡ್ರಿ, ಕೈ ಮಾಡಬ್ಯಾಡ್ರಿ."

ಗೌಂಡಿಯವರೊಬ್ಬರೇ ಹೋದರು. ನಾನು ಕಿಟಕಿಯ ಗಾಜು ಸರಿಸಿ ಗಟ್ಟಿಯಾಗಿ ಮುಚ್ಚಿದೆ, ದನಿಯಾಗಲಿ ವಾಸನೆಯಾಗಲಿ ಒಳಗೆ ಬರಬಾರದೆಂದು. ನಾಯಿಯ ಕೊರಳಪಟ್ಟಿ ಬಿಚ್ಚಿ, ಅದನ್ನು ಮೇಜಿನ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೂಡಿಸಿದೆ. ಹೊರಗೆ ಹುಬ್ಬಳ್ಳಿಯ ಬಸ್ಸು ಬಂದು ನಿಂತಿತು, ಸ್ಟಾಪು ಅದರ ಮರೆಗೆ ಹೋಯಿತು. ನಾಯಿ ಆಕಳಿಸಿತು. ಬಸ್ಸು ಹೊರಟಿತು. ಸ್ಟಾಪಿನಲ್ಲಿ ಏಳೆಂಟು ಜನ ಉಳಿದಿದ್ದರು, ಕಾಲೇಜಿನ ಹುಡುಗಿಯರು, ಚೀಲ ಹಿಡಿದ ಒಬ್ಬ ಮುದುಕರು, ಅವರ ನಡುವೆ ಹೇಳಿದಂತೆ ಕೈ ಕಟ್ಟಿಕೊಂಡು ಅಲುಗಾಡದೆ ನಿಂತ ಗೌಂಡಿಯವರು.

ಮತ್ತೆ ಆಕಳಿಸಲು ತೆರೆದ ಬಾಯಿಯನ್ನು ನಾಯಿ ಅರ್ಧಕ್ಕೇ ಮುಚ್ಚಿತು. ತಲೆ ಎತ್ತಿತು. ಒಬ್ಬೊಬ್ಬರನ್ನೇ ದಾಟಿಕೊಂಡು ಅದರ ದೃಷ್ಟಿ ಹೋಯಿತು, ಹೋಗಿ ಒಂದು ಕಡೆ ನಿಂತಿತು. ಮೋಟು ಬಾಲ ಸ್ಟೀಲಿನ ಮೇಜಿಗೆ ಟಪಟಪ ಬಡಿಯತೊಡಗಿತು. ಎದ್ದು ನಿಂತು ಗಾಜಿಗೆ ಮೂತಿ ಒತ್ತಿ ಬೊಗಳಿತು. ರಸ್ತೆಯಾಚೆ ಗೌಂಡಿಯವರು, ಅಷ್ಟು ಜನರ ಮುಂದೆ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿ ಕುಳಿತುಬಿಟ್ಟರು. ನನ್ನ ಪಕ್ಕದಲ್ಲಿ ಅವರ ಹೆಂಡತಿ ಸೆರಗಿನಲ್ಲಿ ಮುಖ ಹುದುಗಿಸಿದ್ದರು. ನಾನು ನಾಯಿ ಹಾರದಂತೆ ಎರಡೂ ಕೈಯಿಂದ ಅದರ ಎದೆ ತಬ್ಬಿ ಹಿಡಿದಿದ್ದೆ, ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆ ಹೊತ್ತಿಗೆ ನಮ್ಮ ನಾಲ್ವರಲ್ಲಿ ಸರಿಯಾಗಿ ಕಾಣುತ್ತಿದ್ದದ್ದು ಅವನೊಬ್ಬನಿಗೇ.